ಶಿಕ್ಷಕರ ನೇಮಕ, ತರಬೇತಿ, ಆಸರೆ: ಸರ್ಕಾರಿ ಶಾಲೆಯಲ್ಲಿ ಕೊಂಡಿ ಕಳಚುವುದು ಎಲ್ಲಿ?

2025–26ನೇ ಶೈಕ್ಷಣಿಕ ಸಾಲಿಗೆ ಕರ್ನಾಟಕದ ಶಾಲಾ ಶಿಕ್ಷಣ ಇಲಾಖೆಯು 51 ಸಾವಿರ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಅನುಮತಿ ನೀಡಿತು. ಇದರಲ್ಲಿ 40 ಸಾವಿರ ಪ್ರಾಥಮಿಕ ಶಾಲೆಗಳಿಗೆ, 11 ಸಾವಿರ ಪ್ರೌಢಶಾಲೆಗಳಿಗೆ. ಆ ಸಾಲಿನ ಬಜೆಟ್‌ನಲ್ಲಿ ಗೌರವಧನವನ್ನು 2,000 ರೂಪಾಯಿ ಹೆಚ್ಚಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12,000, ಪ್ರೌಢಶಾಲೆಯವರಿಗೆ 12,500 ರೂಪಾಯಿ ನಿಗದಿಯಾಯಿತು. ಶಾಲೆ ಆರಂಭವಾದ ಮೇಲೆ ಸೇರಿ, ಶೈಕ್ಷಣಿಕ ವರ್ಷ ಮುಗಿಯುತ್ತಲೇ ಬಿಡುಗಡೆಯಾಗುವ ಇವರೆಲ್ಲ ಖಾಯಂ ಹುದ್ದೆಗಳ ಖಾಲಿ ಜಾಗವನ್ನು ತುಂಬುವವರು. ಶಿಕ್ಷಣ ಹಕ್ಕು ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಯಾವುದೇ ಸರ್ಕಾರಿ ಶಾಲೆಯಲ್ಲಿ ಖಾಲಿ ಹುದ್ದೆಗಳು ಮಂಜೂರಾದ ಹುದ್ದೆಗಳ ಶೇ 10ನ್ನು ಮೀರಬಾರದು. ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಹದಿನೈದು ವರ್ಷಗಳ ನಂತರವೂ ಈ ಮಿತಿಗೂ ವಾಸ್ತವಕ್ಕೂ ಇಷ್ಟು ಅಂತರ ಏಕೆ ಉಳಿದಿದೆ ಎಂಬುದು ಸರಳವಾಗಿ ಕಾಣುವ ಪ್ರಶ್ನೆ. ಉತ್ತರ ಮಾತ್ರ ಸರಳವಲ್ಲ.

ಸಾಮಾನ್ಯವಾಗಿ ಕೇಳಿಬರುವ ವಿವರಣೆ ಎಂದರೆ ಸರ್ಕಾರಕ್ಕೆ ಹಣವಿಲ್ಲ ಅಥವಾ ಮನಸ್ಸಿಲ್ಲ ಎಂಬುದು. ಅದರಲ್ಲಿ ಸತ್ಯಾಂಶ ಇದೆ. ಆದರೆ ಸರ್ಕಾರ ಹಣ ಕೊಟ್ಟು, ಅಧಿಸೂಚನೆ ಹೊರಡಿಸಿ, ಪರೀಕ್ಷೆ ನಡೆಸಿದ ಮೇಲೂ ಹುದ್ದೆಗಳು ಖಾಲಿ ಉಳಿದಿವೆ. ಹಾಗಾಗಿ ನೇಮಕಾತಿ ಸಾಗುವ ದಾರಿಯನ್ನೇ ಮೊದಲು ನೋಡಬೇಕಾಗುತ್ತದೆ.

ಪ್ರಾಥಮಿಕ ಶಾಲಾ ಶಿಕ್ಷಕರಾಗಲು ಬೇಕಾದ ಕನಿಷ್ಠ ಅರ್ಹತೆಯನ್ನು ನಿರ್ಧರಿಸುವುದು ರಾಜ್ಯವಲ್ಲ, ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು. 2010ರ ಆಗಸ್ಟ್ 23ರ ಅಧಿಸೂಚನೆಯಲ್ಲಿ ಅದು ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು, ಅಂದರೆ ಟಿಇಟಿಯನ್ನು, ಕಡ್ಡಾಯಗೊಳಿಸಿತು. 150 ಅಂಕಗಳ ಈ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರು ಶೇ 60ರಷ್ಟು ಅಂಕ ಪಡೆಯಬೇಕು. ಒಂದರಿಂದ ಐದನೇ ತರಗತಿಗೆ ಮೊದಲ ಪತ್ರಿಕೆ, ಆರರಿಂದ ಎಂಟಕ್ಕೆ ಎರಡನೆಯದು. ಟಿಇಟಿ ಪಾಸಾದವರಿಗೆ ಕೆಲಸ ಸಿಗುವುದಿಲ್ಲ, ಅರ್ಜಿ ಹಾಕುವ ಹಕ್ಕು ಸಿಗುತ್ತದೆ. ಕೆಲಸ ಸಿಗಬೇಕಾದರೆ ರಾಜ್ಯ ನಡೆಸುವ ಸ್ಪರ್ಧಾತ್ಮಕ ಪರೀಕ್ಷೆಯನ್ನು ಬರೆಯಬೇಕು. ಅದರ ಹೊಣೆ ಬೆಂಗಳೂರಿನ ಕೇಂದ್ರೀಕೃತ ದಾಖಲಾತಿ ಘಟಕದ್ದು. ಆರರಿಂದ ಎಂಟನೇ ತರಗತಿಯ ಪದವೀಧರ ಪ್ರಾಥಮಿಕ ಶಿಕ್ಷಕರ ಪರೀಕ್ಷೆಯಲ್ಲಿ ಸಾಮಾನ್ಯ ಪತ್ರಿಕೆಯ ಜೊತೆಗೆ ವಿಷಯಜ್ಞಾನವನ್ನು ವಿವರಣಾತ್ಮಕ ಉತ್ತರಗಳ ಮೂಲಕ ಅಳೆಯುವ ಪತ್ರಿಕೆ ಇದೆ, ಭಾಷಾ ಸಾಮರ್ಥ್ಯದ ಪತ್ರಿಕೆಯೂ ಇದೆ, ಮತ್ತು ಇವುಗಳಲ್ಲಿ ಕನಿಷ್ಠ ಅಂಕ ಪಡೆಯದವರ ಹೆಸರು ಆಯ್ಕೆ ಪಟ್ಟಿಗೇ ಬರುವುದಿಲ್ಲ.

2019ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಪದವೀಧರ ಶಿಕ್ಷಕರ ಹುದ್ದೆಗಳಿಗೆ ನಡೆದ ನೇಮಕಾತಿಯಲ್ಲಿ ಅರ್ಧದಷ್ಟು ಹುದ್ದೆಗಳೂ ತುಂಬಲಿಲ್ಲ. ಅಭ್ಯರ್ಥಿಗಳಿಗೆ ಕೊರತೆ ಇರಲಿಲ್ಲ, ಕನಿಷ್ಠ ಅಂಕ ಗಳಿಸಿದವರ ಕೊರತೆ ಇತ್ತು. 2022ರಲ್ಲಿ 15,000 ಹುದ್ದೆಗಳಿಗೆ ಅರ್ಜಿ ಕರೆಯುವ ಮುನ್ನ ಸರ್ಕಾರ ಅರ್ಹತಾ ಅಂಕಗಳನ್ನು ಕೊಂಚ ತಗ್ಗಿಸಿತು. ಈ 15,000ದಲ್ಲಿ 5,000 ಹುದ್ದೆಗಳು ಕಲ್ಯಾಣ ಕರ್ನಾಟಕಕ್ಕೆ ಮೀಸಲಾಗಿದ್ದವು. ಆಗಲೂ ಆಯ್ಕೆಯಾದವರು 13 ಸಾವಿರಕ್ಕೂ ಸ್ವಲ್ಪ ಹೆಚ್ಚು ಮಂದಿ ಮಾತ್ರ. ಪ್ರಾಥಮಿಕ ಶಿಕ್ಷಕರು ಜಿಲ್ಲಾ ವೃಂದದವರಾದ್ದರಿಂದ, ಅಂದರೆ ಅವರ ಹುದ್ದೆಗಳ ಗುಂಪು ಜಿಲ್ಲೆಗೆ ಸೀಮಿತವಾದ್ದರಿಂದ, ಆಯ್ಕೆ ಪಟ್ಟಿಯು ಜಿಲ್ಲೆ, ವಿಷಯ, ಮಾಧ್ಯಮ, ಮೀಸಲಾತಿ ಪ್ರವರ್ಗ ಎಂದು ಕವಲೊಡೆಯುತ್ತದೆ. ಒಂದು ಜಿಲ್ಲೆಯಲ್ಲಿ ಸಮಾಜ ಪಾಠದ ಅರ್ಹರು ಬೇಕಾದುದಕ್ಕಿಂತ ಹೆಚ್ಚಿದ್ದರೂ ಪಕ್ಕದ ಜಿಲ್ಲೆಯ ಗಣಿತ ಮತ್ತು ವಿಜ್ಞಾನದ ಹುದ್ದೆಗೆ ಯಾರೂ ಸಿಗದಿರುವುದು ಹೀಗೆ. ಒಟ್ಟು ಸಂಖ್ಯೆಯನ್ನು ನೋಡಿದಾಗ ಈ ಸೂಕ್ಷ್ಮ ಕಾಣುವುದಿಲ್ಲ.

ಅಂಕಗಳನ್ನು ತಗ್ಗಿಸಿದ್ದು ಸರಿಯೇ ಎಂಬ ಚರ್ಚೆ ಆಗ ನಡೆಯಿತು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ: ಎರಡು ವರ್ಷ ವೃತ್ತಿ ಶಿಕ್ಷಣ ಪಡೆದು ಟಿಇಟಿಯನ್ನೂ ದಾಟಿ ಬಂದ ಅಭ್ಯರ್ಥಿಯು ತಾನು ಬೋಧಿಸಬೇಕಾದ ವಿಷಯದ ಬಗ್ಗೆ ಪೂರ್ಣ ವಾಕ್ಯಗಳಲ್ಲಿ ಉತ್ತರ ಬರೆಯಲು ತಡವರಿಸುತ್ತಾನೆ ಎಂದಾದರೆ, ತೊಡಕು ಪರೀಕ್ಷೆಯಲ್ಲಿದೆಯೇ, ಅದಕ್ಕೂ ಹಿಂದಿನ ಕಲಿಕೆಯಲ್ಲಿದೆಯೇ? ಪರೀಕ್ಷೆಯ ಮಟ್ಟವನ್ನು ಒಂದು ಆದೇಶದಿಂದ ಇಳಿಸಬಹುದು. ಶಿಕ್ಷಕರನ್ನು ತಯಾರಿಸುವ ಡಿ.ಇಎಲ್.ಇಡಿ ಮತ್ತು ಬಿ.ಇಡಿ ಕಾಲೇಜುಗಳ ಮಟ್ಟವನ್ನು ಏರಿಸಲು ಹತ್ತು ವರ್ಷ ಬೇಕು.

ಇಷ್ಟೆಲ್ಲ ಆದ ಮೇಲೆ ನ್ಯಾಯಾಲಯದ ಹಂತ ಬರುತ್ತದೆ. 2022ರ ಮೇ ತಿಂಗಳಲ್ಲಿ ಪರೀಕ್ಷೆ ಮುಗಿದಿತ್ತು. ವಿವಾಹಿತ ಮಹಿಳಾ ಅಭ್ಯರ್ಥಿಗಳ ಜಾತಿ ಮತ್ತು ಆದಾಯ ಪ್ರಮಾಣಪತ್ರವು ತಂದೆಯ ಆದಾಯವನ್ನು ಆಧರಿಸಿರಬೇಕೇ, ಗಂಡನ ಆದಾಯವನ್ನು ಆಧರಿಸಿರಬೇಕೇ ಎಂಬ ಪ್ರಶ್ನೆ ಹೈಕೋರ್ಟಿನ ಮೆಟ್ಟಿಲೇರಿತು. ಏಕಸದಸ್ಯ ಪೀಠದ ತೀರ್ಪು ಬಂತು, ಮೇಲ್ಮನವಿ ಸಲ್ಲಿಕೆಯಾಯಿತು, 2023ರ ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠವು ನೇಮಕಾತಿಗೆ ದಾರಿ ಬಿಟ್ಟುಕೊಟ್ಟಿತು. ಪರೀಕ್ಷೆ ಬರೆದವರು ಶಾಲೆಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕುವ ಹೊತ್ತಿಗೆ ಸುಮಾರು ಒಂದೂವರೆ ವರ್ಷ ಕಳೆದಿತ್ತು. ಅಭ್ಯರ್ಥಿಗಳ ದೂರು ನ್ಯಾಯವಾದದ್ದೇ ಇರಬಹುದು. ಆದರೆ ಯಾವ ಪ್ರಮಾಣಪತ್ರ ಬೇಕು ಎಂಬುದು ಅಧಿಸೂಚನೆಯ ದಿನವೇ ಸಂಶಯಕ್ಕೆ ಎಡೆಯಿಲ್ಲದಂತೆ ತೀರ್ಮಾನವಾಗಿರಬೇಕಾದ ವಿಷಯ. ಇದಾದ ಮೇಲೆ ಪರಿಶಿಷ್ಟ ಜಾತಿಗಳ ಒಳ ಮೀಸಲಾತಿ ಇತ್ಯರ್ಥವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು 2024ರ ಕೊನೆಯಲ್ಲಿ ಸರ್ಕಾರ ತಡೆ ಹಾಕಿತು. ಆ ಕುರಿತ ತೀರ್ಮಾನವು 2025ರ ಆಗಸ್ಟ್‌ನಲ್ಲಿ ಸಚಿವ ಸಂಪುಟದಲ್ಲಾಯಿತು. ದಶಕಗಳಿಂದ ಬಾಕಿ ಇದ್ದ ಸಾಮಾಜಿಕ ನ್ಯಾಯದ ಪ್ರಶ್ನೆಯೊಂದು ಬಗೆಹರಿಯುವುದು ಅಗತ್ಯವೇ ಆಗಿತ್ತು. ಹಾಗೆಯೇ, ಆ ಅವಧಿಯಲ್ಲಿ ನಿವೃತ್ತರಾದ ಶಿಕ್ಷಕರ ಜಾಗದಲ್ಲಿ ಮಕ್ಕಳ ಮುಂದೆ ನಿಂತವರು ಅತಿಥಿ ಶಿಕ್ಷಕರು ಎಂಬುದೂ ನಿಜ.

ವೃಂದ ಮತ್ತು ನೇಮಕಾತಿ ನಿಯಮಗಳಿಂದ ಹುಟ್ಟಿದ ಇನ್ನೊಂದು ಗಾಯ ಶಿಕ್ಷಕರ ಸಮುದಾಯದ ಒಳಗೇ ಇದೆ. ಹಿಂದೆ ಪ್ರಾಥಮಿಕ ಶಿಕ್ಷಕರು ಒಂದರಿಂದ ಏಳನೇ ತರಗತಿಗೆಂದು ನೇಮಕವಾಗುತ್ತಿದ್ದರು. 2017ರಲ್ಲಿ ಆರರಿಂದ ಎಂಟನೇ ತರಗತಿಗೆ ಪದವೀಧರ ಶಿಕ್ಷಕರ ಪ್ರತ್ಯೇಕ ವೃಂದ ರೂಪುಗೊಂಡಾಗ ಹಳಬರೆಲ್ಲ ಒಂದರಿಂದ ಐದರ ವೃಂದಕ್ಕೆ ಸೇರಿಹೋದರು. ಇವರಲ್ಲಿ ಪದವಿ, ಸ್ನಾತಕೋತ್ತರ ಪದವಿ, ಬಿ.ಇಡಿ ಪಡೆದವರು ಸಾಕಷ್ಟಿದ್ದಾರೆ. ಇಪ್ಪತ್ತು ವರ್ಷ ಏಳನೇ ತರಗತಿಗೆ ಗಣಿತ ಕಲಿಸಿದವರು ಇಂದೂ ಅದೇ ತರಗತಿಗೆ ಹೋಗುತ್ತಾರೆ, ಕಾಗದದಲ್ಲಿ ಮಾತ್ರ ಅದು ಅವರ ಹುದ್ದೆಯಲ್ಲ. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಸೇರಿದ ಸಾವಿರಾರು ಶಿಕ್ಷಕರ ಮುಖ್ಯ ಬೇಡಿಕೆ ಇದನ್ನು ಸರಿಪಡಿಸಬೇಕೆಂಬುದೇ ಆಗಿತ್ತು. ವಿಷಯವಾರು ಪರಿಣತಿ ಬೇಕು ಎಂಬ ನಿಯಮದ ಆಶಯ ಸರಿಯಾಗಿದೆ. ಸೇವೆಯಲ್ಲಿರುವವರ ಪರಿಣತಿಯನ್ನು ಗುರುತಿಸುವ ದಾರಿಯನ್ನು ಅದರ ಜೊತೆಯಲ್ಲೇ ತೆರೆಯದಿದ್ದದ್ದು ಸರಿಯಲ್ಲ.

ಶಿಕ್ಷಕರು ಸಿಕ್ಕ ಮೇಲೆ ಅವರನ್ನು ಎಲ್ಲಿಗೆ ಕಳುಹಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ಈ ವಿಷಯದಲ್ಲಿ ಕರ್ನಾಟಕವು ದೇಶದ ಹಲವು ರಾಜ್ಯಗಳಿಗಿಂತ ಮುಂದಿದೆ ಎಂದು ಹೇಳಲೇಬೇಕು. 2007ರಲ್ಲಿ ಶಿಕ್ಷಕರ ವರ್ಗಾವಣೆ ನಿಯಂತ್ರಣಕ್ಕೇ ಒಂದು ಕಾಯ್ದೆ ಬಂತು, 2020ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. ಶಾಲೆಗಳನ್ನು ಎ, ಬಿ, ಸಿ ಎಂದು ವಲಯಗಳಾಗಿ ವಿಂಗಡಿಸಿ, ಪಟ್ಟಣದಿಂದ ದೂರದ ಸಿ ವಲಯದ ಸೇವೆಗೆ ಹೆಚ್ಚು ಅಂಕ ಕೊಟ್ಟು, ಆದ್ಯತಾ ಪಟ್ಟಿ ಪ್ರಕಟಿಸಿ, ಗಣಕೀಕೃತ ಕೌನ್ಸೆಲಿಂಗ್ ಮೂಲಕ ಸ್ಥಳ ಆಯ್ಕೆ ಮಾಡಿಕೊಳ್ಳಲು ಅವಕಾಶ ಮಾಡಲಾಗಿದೆ. ಶಾಸಕರ ಶಿಫಾರಸು ಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ. ಕೌನ್ಸೆಲಿಂಗ್ ದಿನ ಪರದೆಯ ಮೇಲೆ ಖಾಲಿ ಶಾಲೆಗಳ ಪಟ್ಟಿ ಮೂಡುತ್ತದೆ, ಕ್ರಮಸಂಖ್ಯೆ ಕರೆದಂತೆ ಒಬ್ಬೊಬ್ಬರೂ ಒಂದೊಂದು ಶಾಲೆ ಆರಿಸಿಕೊಳ್ಳುತ್ತಾರೆ, ಆರಿಸಿದ ಶಾಲೆ ಎಲ್ಲರ ಕಣ್ಣೆದುರೇ ಪಟ್ಟಿಯಿಂದ ಅಳಿಸಿಹೋಗುತ್ತದೆ.

ಆದರೆ ಹೆದ್ದಾರಿಗೆ ಹತ್ತಿರದ, ಬಸ್ಸು ನಿಲ್ಲುವ ಊರುಗಳ ಶಾಲೆಗಳೇ ಮೊದಲು ಅಳಿಸಿಹೋಗುತ್ತವೆ. ಕೊನೆಯಲ್ಲಿ ಉಳಿಯುವ ಶಾಲೆಗಳು ಪ್ರತಿ ವರ್ಷವೂ ಹೆಚ್ಚುಕಡಿಮೆ ಅವೇ. ಇದನ್ನು ತಡೆಯಲು ಖಾಲಿ ಹುದ್ದೆಗಳ ಪ್ರಮಾಣ ಮಿತಿ ಮೀರಿದ ತಾಲ್ಲೂಕುಗಳಿಂದ ಹೊರಗೆ ವರ್ಗಾವಣೆ ಕೊಡಬಾರದೆಂಬ ನಿಯಮ ಮಾಡಲಾಯಿತು. ಅದರಿಂದ ಶಾಲೆಗೆ ಶಿಕ್ಷಕರು ಉಳಿದರೂ, ಕಲ್ಯಾಣ ಕರ್ನಾಟಕದ ಕೆಲವು ತಾಲ್ಲೂಕುಗಳಲ್ಲಿ ಊರಿಗೆ ಮರಳುವ ದಾರಿ ಕಾಣದೆ ವರ್ಷಗಟ್ಟಲೆ ಕುಟುಂಬದಿಂದ ದೂರ ಇರುವವರ ಸಂಕಟ ಬೆಳೆಯಿತು. ಸಂವಿಧಾನದ 371(ಜೆ) ವಿಧಿಯಡಿ ಆ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80ರಷ್ಟು ಸ್ಥಳೀಯರಿಗೆ ಮೀಸಲಾಗಿರುವುದು ಇದಕ್ಕೆ ಹೆಚ್ಚು ಬಾಳಿಕೆಯ ಪರಿಹಾರ. ಅಲ್ಲಿಯವರೇ ಅಲ್ಲಿ ಕಲಿಸಿದರೆ ವರ್ಗಾವಣೆಯ ಒತ್ತಡವೇ ಕಡಿಮೆಯಾಗುತ್ತದೆ. ಅದು ಫಲ ಕೊಡಬೇಕಾದರೆ ಆ ಜಿಲ್ಲೆಗಳಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿತು ಪರೀಕ್ಷೆ ದಾಟುವ ಯುವಕ ಯುವತಿಯರು ಸಾಕಷ್ಟು ಸಂಖ್ಯೆಯಲ್ಲಿ ತಯಾರಾಗಬೇಕು. ಅಂದರೆ ಪ್ರಶ್ನೆ ಮತ್ತೆ ಶಿಕ್ಷಕರ ಶಿಕ್ಷಣಕ್ಕೇ ಬಂದು ನಿಲ್ಲುತ್ತದೆ.

ಸೇವಾಪೂರ್ವ ಶಿಕ್ಷಣದ ಕಥೆ ಚಿಕ್ಕದು, ಸಂತೋಷದ್ದಲ್ಲ. ಟಿಸಿಎಚ್ ಎಂದು ಹಳ್ಳಿಹಳ್ಳಿಗೆ ಪರಿಚಿತವಾಗಿದ್ದ, ನಂತರ ಡಿ.ಇಡಿ, ಈಗ ಡಿ.ಇಎಲ್.ಇಡಿ ಎನಿಸಿಕೊಂಡ ಎರಡು ವರ್ಷದ ಕೋರ್ಸಿಗೆ ಒಂದು ಕಾಲದಲ್ಲಿ ಸೀಟು ಸಿಗುವುದೇ ಕಷ್ಟವಾಗಿತ್ತು. ನೇಮಕಾತಿ ನಿಧಾನವಾಗುತ್ತ ಬಂದಂತೆ ವಿದ್ಯಾರ್ಥಿಗಳು ಕಡಿಮೆಯಾದರು, ಕಾಲೇಜುಗಳು ಒಂದೊಂದಾಗಿ ಮುಚ್ಚಿದವು. ಒಂದರಿಂದ ಐದನೇ ತರಗತಿಗೆ ಬಿ.ಇಡಿ ಅರ್ಹತೆಯಾಗದು ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅದೇ ಕೋರ್ಸಿಗೆ ಮತ್ತೆ ಬೆಲೆ ಬಂದಿದೆ, ಕಲಿಸುವ ಸಂಸ್ಥೆಗಳು ಮಾತ್ರ ಮೊದಲಿನಷ್ಟಿಲ್ಲ.

ಸೇವಾನಿರತರ ತರಬೇತಿಗೆ ಸಂಸ್ಥೆಗಳ ಕೊರತೆ ಇಲ್ಲ. ಬೆಂಗಳೂರಿನಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಅಂದರೆ ಡಿಎಸ್‌ಇಆರ್‌ಟಿ, 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗಳಲ್ಲಿ ಹುಟ್ಟಿದ ಡಯಟ್ ಎಂಬ ಶಿಕ್ಷಕ ತರಬೇತಿ ಸಂಸ್ಥೆಗಳು, ತಾಲ್ಲೂಕಿಗೊಂದು ಬಿಆರ್‌ಸಿ ಎಂಬ ಸಂಪನ್ಮೂಲ ಕೇಂದ್ರ, ಹತ್ತಾರು ಶಾಲೆಗಳ ಕ್ಲಸ್ಟರ್ ಎಂಬ ಗುಂಪಿಗೊಬ್ಬರು ಸಿಆರ್‌ಪಿ ಎಂಬ ಸಂಪನ್ಮೂಲ ವ್ಯಕ್ತಿ. ಇಂಗ್ಲಿಷ್ ಬೋಧನೆಗೆ ಬೆಂಗಳೂರಿನಲ್ಲೇ 1963ರಿಂದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ತೊಂದರೆ ಇರುವುದು ತರಬೇತಿ ಇಳಿದು ಬರುವ ರೀತಿಯಲ್ಲಿ. ರಾಜ್ಯ ಮಟ್ಟದಲ್ಲಿ ಕೆಲವರಿಗೆ ತರಬೇತಿಯಾಗುತ್ತದೆ, ಅವರು ಜಿಲ್ಲೆಯ ಸಂಪನ್ಮೂಲ ವ್ಯಕ್ತಿಗಳಿಗೆ, ಇವರು ತಾಲ್ಲೂಕಿನವರಿಗೆ, ಅವರು ಶಿಕ್ಷಕರಿಗೆ ಕೊಡುತ್ತಾರೆ. ತುದಿಯ ಹೊಲಕ್ಕೆ ಬರುವ ಕಾಲುವೆ ನೀರಿನಂತೆ ಪ್ರತಿ ತೂಬಿನಲ್ಲೂ ಸ್ವಲ್ಪ ಇಂಗಿಹೋಗುತ್ತದೆ. ತರಬೇತಿ ಪಡೆದವರ ಸಂಖ್ಯೆ ವರದಿಯಲ್ಲಿ ದಾಖಲಾಗುತ್ತದೆ. ಮರಳಿ ಬಂದ ಶಿಕ್ಷಕಿ ಮುಂದಿನ ಸೋಮವಾರ ತರಗತಿಯಲ್ಲಿ ಏನನ್ನು ಬೇರೆಯಾಗಿ ಮಾಡಿದರು ಎಂಬುದಕ್ಕೆ ಯಾವ ನಮೂನೆಯಲ್ಲೂ ಅಂಕಣವಿಲ್ಲ.

ಇದೇ ರಾಜ್ಯದಲ್ಲಿ ಬೇರೊಂದು ದಾರಿಯೂ ಹುಟ್ಟಿತ್ತು. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನೊಂದಿಗೆ, ತಮ್ಮ ಮಕ್ಕಳಿಗೆ ಹೊಂದುವ ಕಲಿಕಾ ಕಾರ್ಡುಗಳನ್ನು ತಾವೇ ಬರೆದರು. ಅದೇ ನಲಿ–ಕಲಿ. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದ ಸಣ್ಣ ಶಾಲೆಯ ಸಮಸ್ಯೆಗೆ ಅದು ಉತ್ತರವಾಗಿತ್ತು. ನಲಿ–ಕಲಿ ಕೋಣೆಯಲ್ಲಿ ಮಕ್ಕಳು ತರಗತಿವಾರು ಸಾಲಿನಲ್ಲಿ ಕೂರುವುದಿಲ್ಲ, ನೆಲದ ಮೇಲೆ ಐದು ಗುಂಪುಗಳಲ್ಲಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಒಂದಕ್ಕೆ ಭಾಗಶಃ ನೆರವು, ಎರಡು ಗುಂಪುಗಳಲ್ಲಿ ಸಹಪಾಠಿಗಳೇ ನೆರವಾಗುತ್ತಾರೆ, ಕೊನೆಯದು ಸ್ವಕಲಿಕೆಯದು. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಮಗು ತಾನು ತಲುಪಿದ ಮೆಟ್ಟಿಲಿನ ಚಿತ್ರವನ್ನು ಗುರುತಿಸಿ, ಅದೇ ಚಿತ್ರವಿರುವ ಕಾರ್ಡನ್ನು ತಟ್ಟೆಯಿಂದ ತೆಗೆದುಕೊಂಡು ತನ್ನ ಗುಂಪಿಗೆ ಹೋಗುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಕಪ್ಪುಹಲಗೆಯ ಪಟ್ಟಿ, ತಲೆಯ ಮೇಲೆ ಅವರ ಕೆಲಸಗಳನ್ನು ತೂಗುಹಾಕಿದ ಚಪ್ಪರ. ಎರಡು ವಾರ ಶಾಲೆಗೆ ಬಾರದ ಮಗು ಹಿಂದಿರುಗಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಕೂಲಿಗೆ ವಲಸೆ ಹೋಗುವ ಕುಟುಂಬಗಳ ಮಕ್ಕಳಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂದು ಬಿಡಿಸಿ ಹೇಳಬೇಕಿಲ್ಲ.

2009–10ರಲ್ಲಿ ಇದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ, ನಂತರ ಮೂರನೆಯದಕ್ಕೂ ವಿಸ್ತರಿಸಲಾಯಿತು. ಕಾರ್ಡುಗಳು ಎಲ್ಲ ಕಡೆಗೂ ತಲುಪಿದವು. ಕಾರ್ಡುಗಳನ್ನು ರಚಿಸಿದ ಶಿಕ್ಷಕರ ಆ ಹುಡುಕಾಟ, ವಾರವಾರ ಕೂಡಿ ಕುಳಿತು ಯಾವ ಚಟುವಟಿಕೆ ಕೈಗೂಡಲಿಲ್ಲ ಎಂದು ಮಾತಾಡಿಕೊಳ್ಳುವ ರೂಢಿ ಅಷ್ಟು ಸುಲಭವಾಗಿ ತಲುಪಲಿಲ್ಲ. ಹಾಗಾಗಿ ಪದ್ಧತಿಯನ್ನು ಒಳಗಿನಿಂದ ಅರಿತ ಶಿಕ್ಷಕರಿರುವಲ್ಲಿ ಅದು ಇಂದಿಗೂ ಜೀವಂತ, ಉಳಿದೆಡೆ ಕಾರ್ಡಿನ ಕ್ರಮಸಂಖ್ಯೆ ದಾಟಿಸುವ ಕೆಲಸ. ಶಿಕ್ಷಕರು ತಮಗೆ ಬೇಕಾದ ವಿಷಯವನ್ನು ತಾವೇ ಆರಿಸಿಕೊಳ್ಳಲು ಅವಕಾಶವಿತ್ತ ಗುರುಚೇತನ ಕಾರ್ಯಕ್ರಮವು 2017ರ ನಂತರ ಇದೇ ಕೊರತೆಯನ್ನು ನೀಗಿಸಲು ಹೊರಟಿತ್ತು, ಮತ್ತು ಅದರ ಹಿಂದಿನ ಯೋಚನೆ ಸರಿಯಾಗಿತ್ತು ಎಂದು ನಾನು ಈಗಲೂ ನಂಬುತ್ತೇನೆ. ಇವುಗಳ ಫಲವು ಅತಿಥಿ ಶಿಕ್ಷಕರಿಗೆ ಬಹುಮಟ್ಟಿಗೆ ಮುಟ್ಟುವುದಿಲ್ಲ. ಮಕ್ಕಳ ಎದುರು ನಿಂತಿರುವ ಸಾವಿರಾರು ಜನರನ್ನು ತಾತ್ಕಾಲಿಕರೆಂಬ ಕಾರಣಕ್ಕೆ ತರಬೇತಿಯಿಂದ ಹೊರಗಿಡುವುದು ಮಕ್ಕಳಿಗೇ ಮಾಡುವ ಅನ್ಯಾಯ.

ಕಲಿತದ್ದು ತರಗತಿಯಲ್ಲಿ ನೆಲೆಯೂರಬೇಕಾದರೆ ಶಾಲೆಯಲ್ಲೇ ಒಬ್ಬರು ಅದನ್ನು ಗಮನಿಸುವವರು ಬೇಕು. ಹೊಸ ಶಿಕ್ಷಕಿಯ ಪಾಠವನ್ನು ಹಿಂದಿನ ಸಾಲಿನಲ್ಲಿ ಕುಳಿತು ನೋಡಿ, ಬಿಡುವಿನ ವೇಳೆಯಲ್ಲಿ ಅದರ ಬಗ್ಗೆ ಮಾತಾಡುವವರು. ಆ ವ್ಯಕ್ತಿ ಮುಖ್ಯ ಶಿಕ್ಷಕರು. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಕಡಿಮೆ ಯೋಚನೆ ನಡೆದಿರುವುದು ಅವರ ಬಗ್ಗೆಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನೇ ನೋಡಿ. ಒಂದರಿಂದ ಐದನೇ ತರಗತಿಯಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಒಬ್ಬ ಮುಖ್ಯ ಶಿಕ್ಷಕರು, ಆರರಿಂದ ಎಂಟರಲ್ಲಿ ನೂರಕ್ಕಿಂತ ಹೆಚ್ಚಿದ್ದರೆ ಪೂರ್ಣಾವಧಿ ಮುಖ್ಯ ಶಿಕ್ಷಕರು ಎಂದು ಅದು ಹೇಳುತ್ತದೆ. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಕರ್ನಾಟಕದ ಹಳ್ಳಿಗಳ ಕಿರಿಯ ಪ್ರಾಥಮಿಕ ಶಾಲೆಗಳು ಬಹುತೇಕ ಈ ಕೊನೆಯ ಗುಂಪಿನವು. ಅಲ್ಲಿ ಇಬ್ಬರಲ್ಲಿ ಹಿರಿಯರು ಪ್ರಭಾರಿ ಮುಖ್ಯ ಶಿಕ್ಷಕರಾಗುತ್ತಾರೆ. ದೊಡ್ಡ ಶಾಲೆಗಳಲ್ಲೂ ಹುದ್ದೆ ಮಂಜೂರಾಗಿದ್ದು ಬಡ್ತಿ ನಡೆಯದಿದ್ದರೆ ಪ್ರಭಾರವೇ ಗತಿ. ಪ್ರಭಾರ ವಹಿಸಿಕೊಂಡವರಿಗೆ ತಮ್ಮ ತರಗತಿಗಳು ಕಡಿಮೆಯಾಗುವುದಿಲ್ಲ, ಗುಮಾಸ್ತರೂ ಇರುವುದಿಲ್ಲ.

ಅವರ ಒಂದು ದಿನ ಹೇಗೆ ಸಾಗುತ್ತದೆ ಎಂದು ಗಮನಿಸಬೇಕು. ಬೆಳಿಗ್ಗೆ ಕ್ಷೀರಭಾಗ್ಯದ ಹಾಲಿನ ಪುಡಿಯ ಲೆಕ್ಕ. ಅಡುಗೆಯವರು ಬಾರದಿದ್ದರೆ ಬದಲಿ ವ್ಯವಸ್ಥೆ. ಊಟಕ್ಕೆಷ್ಟು ಮಕ್ಕಳು, ಮೊಟ್ಟೆಗೆಷ್ಟು, ಬಾಳೆಹಣ್ಣಿಗೆಷ್ಟು ಎಂಬ ಹಾಜರಿ. ಅಕ್ಕಿ, ಬೇಳೆ, ಎಣ್ಣೆಯ ದಾಸ್ತಾನು ಪುಸ್ತಕ. ಎಸ್‌ಎಟಿಎಸ್ ತಂತ್ರಾಂಶದಲ್ಲಿ ಮಕ್ಕಳ ವಿವರ, ಯುಡೈಸ್‌ನಲ್ಲಿ ಶಾಲೆಯ ವಿವರ, ನೆಟ್‌ವರ್ಕ್ ಸಿಗದಿದ್ದರೆ ರಾತ್ರಿ ಮನೆಯಿಂದ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಅತಿ ತುರ್ತು’ ಮಾಹಿತಿ ಕೋರಿಕೆ. ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಯ ನಡಾವಳಿ. ವಿದ್ಯಾರ್ಥಿವೇತನಕ್ಕೆ ಆಧಾರ್ ಜೋಡಣೆಯಾಗದ ಪೋಷಕರ ಅಲೆದಾಟ. ಇವುಗಳ ನಡುವೆ ನಾಲ್ಕನೇ ತರಗತಿಗೆ ಭಾಗಾಕಾರ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರವನ್ನು ಬಿಟ್ಟರೆ ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದೆಂದು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ನಿಯೋಜಿಸಿ, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆಯ ಉದ್ದೇಶ ದೊಡ್ಡದಿರಬಹುದು, ಆ ದಿನಗಳ ಪಾಠವನ್ನು ಮತ್ತೆ ಹೊಂದಿಸುವ ಹೊರೆ ಬಿದ್ದದ್ದು ಇದೇ ಮುಖ್ಯ ಶಿಕ್ಷಕರ ಹೆಗಲಿಗೆ.

ಮುಖ್ಯ ಶಿಕ್ಷಕರ ತರಬೇತಿಗೆಂದು ಧಾರವಾಡದಲ್ಲಿ ಸಿಸ್ಲೆಪ್ ಸಂಸ್ಥೆ ಇದೆ, ಶಿಕ್ಷಣ ಯೋಜನೆ ಮತ್ತು ಆಡಳಿತದ ರಾಷ್ಟ್ರೀಯ ಸಂಸ್ಥೆಯಾದ ದೆಹಲಿಯ ನೀಪಾದಲ್ಲಿ ಶಾಲಾ ನಾಯಕತ್ವದ ರಾಷ್ಟ್ರೀಯ ಕೇಂದ್ರವಿದೆ. ಅಲ್ಲಿಯ ಪಠ್ಯದಲ್ಲಿ ಪಾಠ ವೀಕ್ಷಣೆ, ಸಹೋದ್ಯೋಗಿಗಳನ್ನು ಬೆಳೆಸುವುದು, ಸಮುದಾಯದೊಂದಿಗೆ ಕೆಲಸ ಮಾಡುವುದು ಎಲ್ಲವೂ ಇವೆ. ಆದರೆ ಹುದ್ದೆಗೆ ಬರುವುದು ಸೇವಾ ಜ್ಯೇಷ್ಠತೆಯಿಂದ, ಅದೂ ಹಲವರಿಗೆ ನಿವೃತ್ತಿಗೆ ಕೆಲವೇ ವರ್ಷ ಉಳಿದಿರುವಾಗ. ತರಬೇತಿ ಬಂದರೆ ಬರುವುದು ಅದರ ನಂತರ. ಪ್ರಭಾರದಲ್ಲಿರುವವರಿಗೆ ಅದೂ ಇಲ್ಲ, ಏಕೆಂದರೆ ಕಡತದ ಪ್ರಕಾರ ಅವರು ಮುಖ್ಯ ಶಿಕ್ಷಕರೇ ಅಲ್ಲ. ಶಾಲೆಗೆ ಹೊರಗಿನಿಂದ ಆಸರೆಯಾಗಬೇಕಾದ ಸಿಆರ್‌ಪಿಗಳದ್ದೂ ಇದೇ ಸ್ಥಿತಿ. ಪರೀಕ್ಷೆ ಬರೆದು, ತರಗತಿಯ ಅನುಭವದ ಬಲದಿಂದ ಆಯ್ಕೆಯಾಗಿ ಬಂದ ಈ ಶಿಕ್ಷಕರು ಪಾಠ ನೋಡುವುದಕ್ಕಿಂತ ಮಾಹಿತಿ ಸಂಗ್ರಹಿಸುವುದರಲ್ಲೇ ದಿನ ಕಳೆಯುತ್ತಾರೆ.

ಈ ಕೊಂಡಿ ಬೇಗ ಬಿಗಿಯಾಗಬೇಕಾದ ಒತ್ತಡವೊಂದು ಹೊಸದಾಗಿ ಬಂದಿದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಪ್ರಕಾರ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಐದು ವರ್ಷಕ್ಕಿಂತ ಕಡಿಮೆ ಉಳಿದವರು ಸೇವೆಯಲ್ಲಿ ಮುಂದುವರಿಯಬಹುದು, ಟಿಇಟಿ ಇಲ್ಲದೆ ಬಡ್ತಿ ಮಾತ್ರ ಸಿಗದು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಲಾಗಿದೆ. ಟಿಇಟಿ ಎಂಬ ಹೆಸರೇ ಇಲ್ಲದ ಕಾಲದಲ್ಲಿ ನೇಮಕವಾಗಿ, ನಲವತ್ತೈದು ದಾಟಿದ ಶಿಕ್ಷಕರು ಈಗ ಓದಲು ಕೂರಬೇಕಾಗಿದೆ. ಬಡ್ತಿಯ ಷರತ್ತಿನಿಂದಾಗಿ ಖಾಲಿಯಿರುವ ಮುಖ್ಯ ಶಿಕ್ಷಕರ ಹುದ್ದೆಗಳು ಇನ್ನಷ್ಟು ಕಾಲ ಪ್ರಭಾರದಲ್ಲೇ ಉಳಿಯುವ ಸಾಧ್ಯತೆಯೂ ಇದೆ.

ಇಂಥ ಹೊತ್ತಿನಲ್ಲಿ ದೊಡ್ಡ ಹೊಸ ಯೋಜನೆಗಿಂತ ಕೆಲವು ನೇರವಾದ ಕ್ರಮಗಳು ಹೆಚ್ಚು ಉಪಕಾರಕ್ಕೆ ಬರುತ್ತವೆ. ಕ್ಲಸ್ಟರಿಗೊಬ್ಬ ದತ್ತಾಂಶ ಸಹಾಯಕರನ್ನು ಕೊಟ್ಟರೆ ಹತ್ತಾರು ಶಾಲೆಗಳ ನಮೂದು ಕೆಲಸ ಅವರಿಂದಾಗುತ್ತದೆ. ಅತಿಥಿ ಶಿಕ್ಷಕರ ಆದೇಶ ಹೊರಡುವ ವಾರದಲ್ಲೇ ಅವರಿಗೂ ಕೆಲವು ದಿನಗಳ ತರಬೇತಿಯನ್ನು ಬಿಆರ್‌ಸಿಯಲ್ಲಿ ಏರ್ಪಡಿಸಬಹುದು. ಪ್ರಭಾರಿ ಮುಖ್ಯ ಶಿಕ್ಷಕರನ್ನು ಧಾರವಾಡದ ತರಬೇತಿಯ ಪಟ್ಟಿಗೆ ಸೇರಿಸುವುದು ಇವೆಲ್ಲಕ್ಕಿಂತ ಸುಲಭ. ಅದಕ್ಕೆ ಕಾಯ್ದೆ ತಿದ್ದುಪಡಿ ಬೇಕಿಲ್ಲ, ಆರ್ಥಿಕ ಇಲಾಖೆಯ ಹೊಸ ಹುದ್ದೆ ಮಂಜೂರಾತಿಯೂ ಬೇಕಿಲ್ಲ. ಇಲಾಖೆಯ ಒಂದು ಸುತ್ತೋಲೆ ಸಾಕು.